ಎಣ್ಣೆ ಜೆಲ್ ಕಟ್ಟಿದ ದಿನ

ಜುಲೈ ಮಳೆಯಲ್ಲಿ ಮಡಿಕೇರಿಯ ತೆಂಗಿನೆಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ತಾನಾಗಿ ಹೆಪ್ಪುಗಟ್ಟುವ ಎಣ್ಣೆಯಲ್ಲಿ ಜೆಲ್ (ದ್ರವವನ್ನು ಹಿಡಿದಿಟ್ಟ ಬಲೆಯಂಥ ಮುದ್ದೆ) ಆಯಿತೋ ಇಲ್ಲವೋ ಎಂದು ಹೇಳುವುದು ಹೇಗೆ? ಅದಕ್ಕೇ ಅಂದು ಎಣ್ಣೆಯನ್ನು ಜೆಲ್ ಮಾಡಿ ತೋರಿಸಲು ಬಿ.ಎಸ್ಸಿ. ಮಕ್ಕಳ ಮುಂದೆ ಇಟ್ಟದ್ದು ಸೂರ್ಯಕಾಂತಿ ಎಣ್ಣೆ. ಎಂಥ ಚಳಿಗೂ ಇಲ್ಲಿ ಅದು ಹರಿಯುತ್ತಲೇ ಇರುತ್ತದೆ.

ಜೆಲ್ ಕಟ್ಟುವ ವಸ್ತು 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ; ಹರಳೆಣ್ಣೆಯ ಕೊಬ್ಬಿನಾಮ್ಲಕ್ಕೆ ಹೈಡ್ರೋಜನ್ ಸೇರಿಸಿದರೆ ಸಿಗುವ ಬಿಳಿ ಪುಡಿ. ಅಣುತೂಕ ಬರೀ 300. ಜೆಲ್ಲಿ ಕಟ್ಟುವ ಜಿಲೆಟಿನ್‌ನಂಥ ಉದ್ದ ಸರಪಳಿ ಇದಕ್ಕಿಲ್ಲ.

9.8 ಗ್ರಾಂ ಎಣ್ಣೆಗೆ 0.2 ಗ್ರಾಂ ಪುಡಿ, ಅಂದರೆ ನೂರಕ್ಕೆ ಎರಡು. ಒಣಗಿದ ಟ್ಯೂಬಿಗೆ ಹಾಕಿ, ಮುಚ್ಚಳ ಸಡಿಲವಾಗಿಟ್ಟು, 85 ಡಿಗ್ರಿಯ ಬಿಸಿನೀರಲ್ಲಿ ಇಳಿಬಿಡಬೇಕು. ಈ ಎತ್ತರದಲ್ಲಿ ನೀರು 96ರ ಸುಮಾರಿಗೇ ಕುದಿದರೂ ಚಿಂತೆಯಿಲ್ಲ, ಪುಡಿ ಕರಗುವುದು 75ರ ಆಸುಪಾಸಿನಲ್ಲಿ. ಎಣ್ಣೆ ಪೂರ್ತಿ ತಿಳಿಯಾಗುವವರೆಗೆ ಹೊರತೆಗೆಯಬಾರದು. ಕರಗದೆ ಉಳಿದ ಕಣದ ಸುತ್ತ ಹರಳು ಬೆಳೆದು ಗಂಟುಗಂಟಾಗುತ್ತದೆ.

ಆಮೇಲೆ ಸ್ಟ್ಯಾಂಡಿನಲ್ಲಿಟ್ಟು ಮುಟ್ಟದೆ ಬಿಡಬೇಕು. ತಣಿಯುತ್ತ ಪುಡಿಯ ಅಣುಗಳು ಹೈಡ್ರೋಜನ್ ಬಂಧದಿಂದ (ಅಣುಗಳ ನಡುವಿನ ಮೆತ್ತನೆಯ ಸೆಳೆತದಿಂದ) ಒಂದಕ್ಕೊಂದು ಅಂಟುತ್ತವೆ: ಆಮ್ಲದ ತುದಿಗಳು ಜೋಡಿಯಾಗುತ್ತವೆ, ನಡುವಿನ ಹೈಡ್ರಾಕ್ಸಿಲ್‌ಗಳು (ಆಕ್ಸಿಜನ್-ಹೈಡ್ರೋಜನ್ ಜೋಡಿಗಳು) ಸಾಲುಗಟ್ಟುತ್ತವೆ. ಆ ಸಾಲು ನ್ಯಾನೊಮೀಟರ್ ಲೆಕ್ಕದ ದಪ್ಪದ ಎಳೆಯಾಗಿ ಉದ್ದಕ್ಕೆ ಬೆಳೆದು, ಎಳೆಗೆ ಎಳೆ ಸಿಕ್ಕಿಕೊಂಡು ಬಲೆಯಾಗುತ್ತದೆ. ಟ್ಯೂಬಿನೊಳಗಿನ ಎಣ್ಣೆ ಮೊದಲು ಮಸುಕಾಗುತ್ತದೆ, ನಂತರ ಹರಿಯದೆ ನಿಲ್ಲುತ್ತದೆ. ತಲೆಕೆಳಗು ಮಾಡಿದರೂ ಜಾರುವುದಿಲ್ಲ.

“ಸಾರ್, ಇದೂ ತೆಂಗಿನೆಣ್ಣೆ ಗಟ್ಟಿಯಾದ ಹಾಗೇ ಅಲ್ವಾ?” ಎಂದು ಒಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಒಂದು ಚೂರನ್ನು ಫಿಲ್ಟರ್ ಪೇಪರಿನ ಮೇಲಿಟ್ಟು ಸ್ಪ್ಯಾಚುಲಾದಿಂದ ಮೆತ್ತಗೆ ಒತ್ತಿದರೆ, ಎಣ್ಣೆ ಎಣ್ಣೆಯಾಗಿಯೇ ಹೊರಬಂದು ಕಾಗದದಲ್ಲಿ ಹರಡಿತು. ಗಟ್ಟಿಯಾದದ್ದು ಆ ಎರಡು ಪಾಲು ಮಾತ್ರ. ಉಳಿದ ತೊಂಬತ್ತೆಂಟು ಪಾಲು ದ್ರವ, ಎಳೆಗಳ ಸಂದಿಯಲ್ಲಿ ಸಿಕ್ಕಿಬಿದ್ದಿದೆ ಅಷ್ಟೆ.

ದ್ರಾವಕ, ಅಂದರೆ ಪುಡಿಯನ್ನು ಕರಗಿಸುವ ದ್ರವ, ಬದಲಾದರೆ ಆಟವೇ ಬೇರೆ. ಎಥನಾಲ್ ಎಂಬ ಆಲ್ಕೋಹಾಲ್‌ನಲ್ಲಿ ಅದೇ ಪ್ರಮಾಣದ ಪುಡಿ ಕರಗಿ ತಿಳಿಯಾಗಿಯೇ ಉಳಿಯಿತು. ಆಲ್ಕೋಹಾಲ್ ತಾನೇ ಆ ಅಣುಗಳ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಂಡು, ಅವು ಪರಸ್ಪರ ಸೇರದಂತೆ ಮಾಡುತ್ತದೆ. ನೀರಿನಲ್ಲಿ ಕರಗುವುದೇ ಇಲ್ಲ, ಬಿಸಿಯಾದರೆ ಕರಗಿದ ಮೇಣದಂತೆ ತೇಲುತ್ತದೆ. ಬಿಸಿಯಲ್ಲಿ ಕರಗಿಸಿ, ತಣಿದಾಗ ಕೈಬಿಡುವ ದ್ರಾವಕವೇ ಬೇಕು.

ತಣಿಯುವಾಗ ಅಲುಗಾಡಿಸಿದ ಟ್ಯೂಬಿನಲ್ಲಿ ಎಳೆಗಳು ಮುರಿದು, ಮುದ್ದೆಯ ಪಕ್ಕ ಎಣ್ಣೆ ಒಸರುತ್ತಿತ್ತು. ಅದನ್ನು ಎಸೆಯಬೇಕಿಲ್ಲ. ಮತ್ತೆ 85 ಡಿಗ್ರಿಗೆ ಕಾಯಿಸಿ ತಿಳಿಯಾಗಿಸಿ, ಈ ಸಲ ಮುಟ್ಟದೆ ಬಿಟ್ಟರೆ ಸರಿಯಾಗಿಯೇ ಕಟ್ಟುತ್ತದೆ.