ರಜೆಯಲ್ಲಿ ಮಕ್ಕಳನ್ನು ಫಾರಿನ್ ‘ಸೇವೆ’ಗೆ ಕಳಿಸಬಹುದಾ?

ಮಾರ್ಚ್ ಬಂತೆಂದರೆ ನನಗೆ ಫೋನು ಶುರು. ಎರಡು ವರ್ಷದ ಹಿಂದೆ ಮಗಳನ್ನು ಹದಿನೈದು ದಿನ ಶ್ರೀಲಂಕಾದ ಒಂದು ಹಳ್ಳಿಗೆ ಕಳಿಸಿದ್ದೆ. ಆ ಒಂದೇ ಅರ್ಹತೆಯ ಮೇಲೆ ಕದ್ರಿಯಿಂದ ಮಣಿಪಾಲದವರೆಗಿನ ಅಪ್ಪ ಅಮ್ಮಂದಿರು ನನ್ನ ಹತ್ತಿರ ಕೇಳುವುದು ಒಂದೇ: “ಈ ಕಲ್ಚರಲ್ ಇಮ್ಮರ್ಷನ್, ಸರ್ವಿಸ್ ಟ್ರಿಪ್ ಅಂತೆಲ್ಲ ಉಂಟಲ್ಲ, ಪರದೇಶದ ಊರಲ್ಲಿದ್ದು ಸೇವೆ ಮಾಡುವುದು, ಕಳಿಸಬಹುದಾ? ಸರ್ಟಿಫಿಕೇಟು ಮುಂದೆ ಅಡ್ಮಿಷನ್‌ಗೆ ಉಪಯೋಗಕ್ಕೆ ಬರ್ತದಂತೆ, ಹೌದಾ?”

ಕಳಿಸಿ. ಆದರೆ ಸೇವೆ ಮಾಡಲಿಕ್ಕೆ ಅಂತ ಕಳಿಸಬೇಡಿ. ಹದಿನಾರರ ಹುಡುಗಿ ಹದಿನೈದು ದಿನದಲ್ಲಿ ಯಾವ ಊರನ್ನೂ ಉದ್ಧಾರ ಮಾಡುವುದಿಲ್ಲ. ಅವಳಿಗೆ ಮೂರು ಹೊತ್ತು ಬಡಿಸಿ, ಸ್ನಾನಕ್ಕೆ ನೀರು ಕಾಯಿಸಿ, ಹೊಟ್ಟೆ ಕೆಟ್ಟರೆ ರಾತ್ರಿ ಕೂತು ನೋಡಿಕೊಳ್ಳುವುದು ಆ ಊರಿನವರು. ಸೇವೆ ಯಾರದು ಅಂತ ನೀವೇ ಹೇಳಿ.

ನಾನು ಇಷ್ಟು ಖಡಾಖಡಿ ಹೇಳಲು ಕಾರಣ, ಈ ವ್ಯವಹಾರವನ್ನು ನಾನು ಮೊದಲು ನೋಡಿದ್ದು ಬರಮಾಡಿಕೊಂಡವರ ಕಡೆಯಿಂದ. ಕಾಪುವಿನ ಹತ್ತಿರ ನಮ್ಮ ಶಾಲೆಗೆ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಯುರೋಪಿನಿಂದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಬಂದಿದ್ದರು, ಕಂಪೌಂಡು ಗೋಡೆಗೆ ಬಣ್ಣ ಬಳಿಯಲು. ಅವರಿಗೆ ಬೇಸಿಗೆ ರಜೆ ಜುಲೈ, ಆಗಸ್ಟಿನಲ್ಲಿ. ನಮಗೆ ಆಗ ಆಟಿ, ತುಳುವರ ಜಡಿಮಳೆಯ ತಿಂಗಳು! ಬೆಳಿಗ್ಗೆ ಬಳಿದ ನೀಲಿ ಮಧ್ಯಾಹ್ನದ ಗಂಟೆ ಹೊಡೆಯುವಾಗ ಚರಂಡಿಯಲ್ಲಿ ಹರಿಯುತ್ತಿತ್ತು. ಹೆಡ್‌ಮಾಸ್ಟ್ರು ಪಾಪ, ದೂರದಿಂದ ಬಂದವರಿಗೆ ಬೇಡ ಅನ್ನಲಾರದೆ ಕೊಡೆ ಹಿಡಿದು ನಿಂತಿದ್ದರು. ದೀಪಾವಳಿ ಕಳೆದ ಮೇಲೆ ನಮ್ಮೂರಿನ ಪೈಂಟರನ್ನೇ ಕರೆಸಿ ಪುನಃ ಸುಣ್ಣ ಹೊಡೆಸಿದರು.

ಅವರಲ್ಲಿ ಒಬ್ಬ ನಮ್ಮ ಮನೆಯಲ್ಲಿದ್ದ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಅಜ್ಜ ಅವನನ್ನು ಎಬ್ಬಿಸಿ, ಆ ದಿನ ಕುಡಿಯುವ ಕಷಾಯಕ್ಕೆ ತೊಗಟೆ ತರಲು ಹಾಲೆ ಮರದ ಬುಡಕ್ಕೆ ಕರೆದುಕೊಂಡು ಹೋದರು. ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. (ಮರದ ಗುರುತು ಇಲ್ಲದವರು ಈ ಸಾಹಸ ಮಾಡಬೇಡಿ. ಕತ್ತಲೆಯಲ್ಲಿ ಕಾಸರಕನ ತೊಗಟೆ ತಂದರೆ ಕಥೆ ಮುಗಿಯಿತು.) ಅಜ್ಜಿ ಅದನ್ನು ಓಮ, ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಅರೆದು ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚುಂಯ್ ಅಂತ ಅದರಲ್ಲಿ ಮುಳುಗಿಸಿ ಲೋಟ ಕೈಗಿಟ್ಟರು. ಒಂದೇ ಗುಟುಕಿಗೆ ಕುಡಿದ. ಕಣ್ಣಲ್ಲಿ ನೀರು. ಮೇಲಿಂದ ಮೆಂತೆ ಗಂಜಿ ಕೊಟ್ಟ ಮೇಲೆಯೇ ಮಾತು ಹೊರಟದ್ದು. ಆಮೇಲೆ ಐದಾರು ವರ್ಷ ಕಾಗದ ಬರೆಯುತ್ತಿದ್ದ. ಗೋಡೆಯ ಸುದ್ದಿ ಒಂದರಲ್ಲೂ ಇರಲಿಲ್ಲ, ಕಷಾಯದ್ದು ಪ್ರತಿ ಸಲ ಇರುತ್ತಿತ್ತು.

ಈ ಸೇವಾ ಶಿಬಿರಗಳ ಮೂಲ ಪೊಳ್ಳು ಅಂತ ನಾನು ಹೇಳುವುದಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಫ್ರಾನ್ಸಿನ ವೆರ್ಡನ್ ಹತ್ತಿರ ಧೂಳೀಪಟವಾದ ಹಳ್ಳಿಯೊಂದನ್ನು ಕಟ್ಟಲು ಬೇರೆ ಬೇರೆ ದೇಶದವರನ್ನು ಸೇರಿಸಿದರು. 1934ರ ಬಿಹಾರದ ಭೂಕಂಪದ ನಂತರ ಅವರೇ ನಮ್ಮ ದೇಶಕ್ಕೂ ಬಂದು ಮನೆ ಕಟ್ಟುವ ಕೆಲಸಕ್ಕೆ ನಿಂತರು. ಆದರೆ ಅವರು ದುಡಿಯಲು ಬಲ್ಲ ದೊಡ್ಡವರು, ತಿಂಗಳುಗಟ್ಟಲೆ ಉಳಿದವರು. ಅತ್ತ ಎಎಫ್‌ಎಸ್ (ಅಮೆರಿಕನ್ ಫೀಲ್ಡ್ ಸರ್ವಿಸ್) ಎಂಬ ಸಂಸ್ಥೆ ಇದೆ. ಯುದ್ಧದಲ್ಲಿ ಆಂಬುಲೆನ್ಸ್ ಓಡಿಸಿದವರ ಗುಂಪು ಅದು. ಅವರು 1947ರಲ್ಲಿ ಹೈಸ್ಕೂಲು ಮಕ್ಕಳ ವಿನಿಮಯ ಶುರು ಮಾಡಿದಾಗ ಮಕ್ಕಳ ಕೈಗೆ ಸಲಿಕೆ ಕೊಡಲಿಲ್ಲ. ಒಂದು ಮನೆಯಲ್ಲಿರು, ಆ ಊರಿನ ಶಾಲೆಗೆ ಹೋಗು ಅಂದರು, ಅಷ್ಟೇ. ನನಗೆ ಇದೇ ಸರಿ ಕಾಣುವುದು.

ಒಂದು ವಿಷಯದಲ್ಲಿ ಮಾತ್ರ ನಾನು ನಯ ನಾಜೂಕು ಇಟ್ಟುಕೊಳ್ಳುವುದಿಲ್ಲ. ಕಾರ್ಯಕ್ರಮದಲ್ಲಿ ‘ಅನಾಥಾಶ್ರಮ ಭೇಟಿ’, ‘ಮಕ್ಕಳೊಂದಿಗೆ ಆಟ’ ಅಂತ ಇದ್ದರೆ ಕಾಗದ ವಾಪಸು ಕೊಟ್ಟು ಎದ್ದು ಬನ್ನಿ. ನೇಪಾಳದಲ್ಲಿ ಇಂಥ ಆಶ್ರಮಗಳು ತುಂಬಿಕೊಂಡಿರುವುದು ಬಡತನ ಹೆಚ್ಚಿರುವ ಗುಡ್ಡಗಾಡಿನಲ್ಲಲ್ಲ, ಪ್ರವಾಸಿಗರು ಬರುವ ಕಠ್ಮಂಡು, ಪೋಖರಾದ ಸುತ್ತ. ಅಲ್ಲಿಯೂ ಕಾಂಬೋಡಿಯಾದಲ್ಲಿಯೂ ವಿಚಾರಿಸಿ ನೋಡಿದಾಗ ಹೆಚ್ಚಿನ ‘ಅನಾಥ’ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದರು. ನೋಡಲು ಬರುವವರು ದುಡ್ಡು ಕೊಡುತ್ತಾರೆ, ಅದಕ್ಕೆ ಮಕ್ಕಳನ್ನು ತಂದು ಇಡುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೇ ಈ ಆಶ್ರಮ ಪ್ರವಾಸದ ಅಪಾಯದ ಬಗ್ಗೆ ಹೇಳಿದೆ. ನಮ್ಮ ಬಾಲವಾಡಿಗೆ ವಾರಕ್ಕೊಬ್ಬ ಗುರುತಿಲ್ಲದ ಹುಡುಗ ಬಂದು ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರೆ ನಾವು ಬಿಡುತ್ತೇವಾ?

ಇನ್ನು ಮಗಳ ವಿಷಯ. ಏಜೆನ್ಸಿಯವರು ಕೊಟ್ಟ ವೇಳಾಪಟ್ಟಿಯಲ್ಲಿ ಎಪ್ರಿಲ್ ಮಧ್ಯದ ಎರಡು ದಿನ ಶೌಚಾಲಯದ ಗೋಡೆಗೆ ಬಣ್ಣ ಅಂತ ಇತ್ತು (ಬಣ್ಣ ನನ್ನನ್ನು ಬಿಡುವುದಿಲ್ಲ ಮಾರಾಯ್ರೇ). ನಮ್ಮ ತುಳುವರ ಯುಗಾದಿ ಬಿಸುವಿನ ಹೊತ್ತಿಗೇ ಶ್ರೀಲಂಕಾದಲ್ಲಿ ಅವುರುದು, ಹೊಸ ವರ್ಷ. ಹಳೆ ವರ್ಷ ಹೋಗಿ ಹೊಸದು ಬರುವ ನಡುವಿನ ಗಳಿಗೆಗೆ ಅವರು ನೋನಗತೆ ಅನ್ನುತ್ತಾರೆ. ಆಗ ಒಲೆ ಆರಿಸುತ್ತಾರೆ, ಯಾರೂ ಯಾವ ಕೆಲಸವನ್ನೂ ಮುಟ್ಟುವುದಿಲ್ಲ. ಡಬ್ಬಿ ಬ್ರಶ್ಶು ಮೂಲೆ ಸೇರಿದವು. ಮಗಳು ಮನೆಯವರ ಜೊತೆ ಸುಮ್ಮನೆ ಜಗಲಿಯಲ್ಲಿ ಕೂತಳು. ಮುಹೂರ್ತಕ್ಕೆ ಒಲೆ ಹಚ್ಚಿ, ಮಡಕೆಯಲ್ಲಿ ಹಾಲು ಉಕ್ಕಿಸಿದಾಗ ವಿಡಿಯೋ ಕಾಲ್ ಮಾಡಿದಳು. ನಾನಿಲ್ಲಿ ಬಿಸುವಿಗೆ ಹಣ್ಣು ತರಕಾರಿ ಜೋಡಿಸಿಟ್ಟ ಕಣಿಯ ಎದುರು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ.

ಅಲ್ಲಿನ ಅಜ್ಜಿ ಅವಳಿಗೆ ಕೊಟ್ಟ ಕೆಲಸ ತೆಂಗಿನಕಾಯಿ ತುರಿಯುವುದು. ಕೂತು ತುರಿಯುವ ಆ ಮಣೆಗೆ ಸಿಂಹಳದಲ್ಲಿ ಹಿರಮನೆಯ ಅಂತ ಹೆಸರಂತೆ. “ಅಮ್ಮಾ, ಹೆರೆಮಣೆ!” ಅಂತ ಕಿರುಚಿದಳು. ನಮ್ಮ ಮನೆಯ ಹೆರೆಮಣೆ ಮಿಕ್ಸಿ ಬಂದ ಮೇಲೆ ಅಟ್ಟ ಸೇರಿತ್ತು, ಇವಳು ಒಂದು ಕಡಿಯನ್ನೂ ತುರಿದವಳಲ್ಲ. ಮೊದಲ ದಿನ ಚಿಪ್ಪಿನ ಕಂದು ಎಲ್ಲ ತುರಿಗೆ ಸೇರಿಸಿ, ಬೆರಳು ಗೀರಿಸಿಕೊಂಡು, ಅಜ್ಜಿಯಿಂದ ತಲೆಗೊಂದು ಮೊಟಕಿಸಿಕೊಂಡಳು. ನಾಲ್ಕನೇ ದಿನ ತುರಿ ಹೂವಿನ ಹಾಗೆ ಬಿದ್ದಿತಂತೆ. ಇನ್ನೊಂದು ತಮಾಷೆ: ಹಬ್ಬಕ್ಕೆ ಅವರು ಅಚ್ಚು ಅದ್ದಿ ಕರಿಯುವ ತಿಂಡಿಯ ಹೆಸರು ಕೊಕಿಸ್. ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಕ್ರಿಸ್ಮಸ್ ತಿಂಡಿಗಳ ಕುಸ್ವಾರಿಗೆ ಮಾಡುವ ಕೊಕ್ಕಿಸಾಂನ ತದ್ರೂಪು. ಫೋಟೋ ತೋರಿಸಿದರೆ ಅವರು ಹೇಳಿದ್ದು, “ಎಣ್ಣೆ ಸ್ವಲ್ಪ ಹೆಚ್ಚು ಕಾದಿದೆ.”

ದುಡ್ಡಿನ ಮಾತು ಕೇಳುತ್ತೀರಿ. ನಾವು ಕೊಟ್ಟದ್ದರಲ್ಲಿ ಆ ಮನೆಗೆ ಎಷ್ಟು ಹೋಯಿತು ಅಂತ ಏಜೆನ್ಸಿಗೆ ಮೂರು ಸಲ ಕೇಳಿದೆ, ಉತ್ತರ ಬರಲಿಲ್ಲ. ನೀವು ಹಣ ಕಟ್ಟುವ ಮೊದಲೇ ಕೇಳಿ. ಉಳಿಯುವ ಮನೆ ಯಾವುದು, ರಾತ್ರಿ ಜವಾಬ್ದಾರಿ ಯಾರದು ಅಂತಲೂ ಕೇಳಿ.

ದಿನಾಂಕವನ್ನೂ ನೋಡಿ. ಪಶ್ಚಿಮ ದೇಶಗಳ ಕಾರ್ಯಕ್ರಮಗಳು ಹೆಚ್ಚಾಗಿ ಜೂನ್, ಜುಲೈಯಲ್ಲಿ. ಅಷ್ಟೊತ್ತಿಗೆ ನಮ್ಮ ಶಾಲೆ ಶುರುವಾಗಿರುತ್ತದೆ. ದ್ವಿತೀಯ ಪಿಯುಸಿಯವರಿಗೆ ಎಪ್ರಿಲ್ ಮೇಯಲ್ಲಿ ಸಿಇಟಿ, ನೀಟ್, ಆ ಮಾತೇ ಬೇಡ. ಹಾಗಾಗಿ ಒಂಬತ್ತನೇ ಕ್ಲಾಸು ಮುಗಿದ ರಜೆ ಒಳ್ಳೆಯದು. ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರೂ ಅನೆಕ್ಷರ್ ‘ಡಿ’ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಮಕ್ಕಳದ್ದು ಐದು ವರ್ಷಕ್ಕೆ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಹದಿನೈದು ದಾಟಿದವರು ಹತ್ತು ವರ್ಷದ್ದನ್ನೇ ಕೇಳಬಹುದು. ನೇಪಾಳಕ್ಕಾದರೆ ಹದಿನೈದರಿಂದ ಹದಿನೆಂಟರವರಿಗೆ ಶಾಲೆಯ ಪ್ರಿನ್ಸಿಪಾಲರು ಕೊಡುವ ಗುರುತಿನ ಪತ್ರವೂ ನಡೆಯುತ್ತದೆ.

ಶ್ರೀಲಂಕಾದ ಆ ಮನೆಯ ಹುಡುಗಿ ಬರುವ ಆಟಿಗೆ ನಮ್ಮಲ್ಲಿಗೆ ಬರುತ್ತಾಳೆ. ನಮ್ಮ ಕಂಪೌಂಡಿನ ಬಣ್ಣ ಎದ್ದು ಹೋಗಿದೆ, ಇರಲಿ. ಪತ್ರೊಡೆಗೆ ಕೆಸುವಿನ ಎಲೆ ಬೇಕೆಂದು ಹಿಂದಿನ ಮನೆಯವರಿಗೆ ಹೇಳಿಟ್ಟಿದ್ದೇನೆ.