ಆಪ್ ಬಳಸೋಕೆ ಸ್ನಾತಕೋತ್ತರ ಪದವಿ ಬೇಕಿತ್ತಾ?

ಎಜುಕೇಶನಲ್ ಟೆಕ್ನಾಲಜಿಯಲ್ಲಿ, ಅಂದರೆ ಕಲಿಕೆಗೆ ತಂತ್ರಜ್ಞಾನ ಬಳಸುವ ವಿಷಯದಲ್ಲಿ, ಸ್ನಾತಕೋತ್ತರ ಪದವಿ ಮಾಡಿದ್ದೇನೆ ಅಂದ ತಕ್ಷಣ ಬರುವ ಪ್ರಶ್ನೆ ಇದು. ಕೆಲವರು ಕಾಲೆಳೆಯಲು ಕೇಳುತ್ತಾರೆ, ಕೆಲವರು ತಾವೂ ಸೇರಬೇಕೆಂದುಕೊಂಡು ಕೇಳುತ್ತಾರೆ. ವಿಡಿಯೊ ಎಡಿಟ್ ಮಾಡುವುದು, ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ ಕೋರ್ಸ್ ಹಾಕುವುದು, ಕ್ವಿಜ್ ತಯಾರಿಸುವುದು ಇವನ್ನೆಲ್ಲ ಯೂಟ್ಯೂಬ್ ನೋಡಿಯೇ ಕಲಿಯಬಹುದಲ್ಲ?

ಕಲಿಯಬಹುದು. ಅಷ್ಟಕ್ಕೇ ಆದರೆ ಪದವಿ ದಂಡ. ಸಾಧನಗಳ ಆಯಸ್ಸೂ ಕಡಿಮೆ. ಒಂದು ಕಾಲಕ್ಕೆ ಆನ್‌ಲೈನ್ ಪಾಠ ಅಂದರೆ ಚಲಿಸುವ ಚಿತ್ರ ತೋರಿಸುವ ಫ್ಲ್ಯಾಶ್ ತಂತ್ರಾಂಶ ಎನ್ನುವಂತಿತ್ತು. 2020ರ ಕೊನೆಗೆ ಅಡೋಬಿ ಕಂಪನಿ ಅದನ್ನೇ ನಿಲ್ಲಿಸಿತು.

ಓದು ನನಗೆ ಮೊದಲು ಮಾಡಿದ ಉಪಕಾರವೆಂದರೆ ಉತ್ಸಾಹ ಇಳಿಸಿದ್ದು. ಶಾಲೆಗಳಲ್ಲಿ ಪುಸ್ತಕದ ಕಾಲ ಇನ್ನೇನು ಮುಗಿಯಿತು, ಮುಂದೆಲ್ಲ ಸಿನಿಮಾ ಮೂಲಕವೇ ಪಾಠ ಎಂದು ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದ. ಆಮೇಲೆ ರೇಡಿಯೊ ಬಂತು, ಟಿವಿ ಬಂತು, 1950ರ ದಶಕದಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ಅವರ ಬೋಧನಾ ಯಂತ್ರ ಬಂತು. 2012 ಬಂದಾಗ, ಯಾರು ಬೇಕಾದರೂ ಸೇರಬಹುದಾದ ಆನ್‌ಲೈನ್ ‘ಮೂಕ್’ ಕೋರ್ಸ್‌ಗಳ ಅಬ್ಬರ. ಸೇರಿದವರಲ್ಲಿ ಬಹುಪಾಲು ಜನ ಮುಗಿಸಲೇ ಇಲ್ಲ. ಈ ಸಾಲನ್ನೆಲ್ಲ ಒಟ್ಟಿಗೆ ಓದಿದ ಮೇಲೆ, ‘ಶಿಕ್ಷಣದಲ್ಲಿ ಕ್ರಾಂತಿ’ ಎಂಬ ಮಾತು ಕೇಳಿದರೆ ನನಗೆ ರೋಮಾಂಚನ ಆಗುವುದಿಲ್ಲ.

ರಿಚರ್ಡ್ ಕ್ಲಾರ್ಕ್ ಎಂಬ ಸಂಶೋಧಕರು 1983ರಲ್ಲಿ ಬರೆದ ಒಂದು ಲೇಖನ ಈ ಕ್ಷೇತ್ರದಲ್ಲಿ ಇವತ್ತಿಗೂ ಜಗಳ ಹಚ್ಚುತ್ತದೆ. ದಿನಸಿ ಹೊತ್ತು ತರುವ ಲಾರಿಯಿಂದ ನಮ್ಮ ಪೋಷಣೆ ಬದಲಾಗುವುದಿಲ್ಲ, ಹಾಗೆಯೇ ಪಾಠ ಹೊತ್ತು ತರುವ ಮಾಧ್ಯಮದಿಂದ ಕಲಿಕೆ ಬದಲಾಗುವುದಿಲ್ಲ ಎಂಬುದು ಅವರ ವಾದ. ಕಲಿಸುವ ವಿಧಾನವೇ ಮುಖ್ಯ. ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ಇದಕ್ಕೆ ಎದುರು ನಿಂತರು: ಒಂದೊಂದು ಮಾಧ್ಯಮಕ್ಕೂ ಅದರದೇ ಶಕ್ತಿ ಇದೆ, ವಿಧಾನವನ್ನೂ ಮಾಧ್ಯಮವನ್ನೂ ಹಾಗೆ ಸಲೀಸಾಗಿ ಬಿಡಿಸಲು ಆಗದು. ನಾನು ಮುಕ್ಕಾಲು ಪಾಲು ಕ್ಲಾರ್ಕ್ ಕಡೆ. ಆದರೆ ಲೋಲಕದ ಉದ್ದ ಬದಲಿಸಿ ಅದರ ತೂಗಾಟ ಹೇಗೆ ಬದಲಾಯಿತೆಂದು ಪರದೆಯ ಮೇಲೆ ತಾನೇ ಆಡಿ ನೋಡುವ ವಿದ್ಯಾರ್ಥಿಯನ್ನು ಕಂಡಾಗಲೆಲ್ಲ ಉಳಿದ ಕಾಲು ಪಾಲು ಕೋಜ್ಮಾ ಕಡೆ ಜಾರುತ್ತದೆ.

ನನ್ನನ್ನು ನಿಜವಾಗಿ ಬದಲಿಸಿದ್ದು ಇಂಥ ವಾದಗಳಿಗಿಂತ ಹೆಚ್ಚಾಗಿ ಒಂದು ಅಭ್ಯಾಸ. ಪಾಠ ತಯಾರಿಸಿದ ಮೇಲೆ ಕಲಿಯುವವರೊಬ್ಬರನ್ನು ಅದರ ಮುಂದೆ ಕೂರಿಸಬೇಕು, ನಾವು ಪಕ್ಕದಲ್ಲಿ ಕೂತು ತುಟಿ ಬಿಚ್ಚದೆ ನೋಡಬೇಕು. ಪಾಠ ಮಾಡಿ ರೂಢಿಯಾದವರಿಗೆ ಇದಕ್ಕಿಂತ ಹಿಂಸೆ ಬೇರೆ ಇಲ್ಲ. ಅವರು ತಪ್ಪು ಗುಂಡಿ ಒತ್ತುತ್ತಾರೆ, ಮುಖ್ಯವಾದ ಸಾಲನ್ನೇ ಹಾರಿಸುತ್ತಾರೆ. ನಮಗೆ ಬಾಯಿ ತುರಿಸುತ್ತದೆ.

ಶೇಕಡಾ ಲೆಕ್ಕದ ಒಂದು ಪಾಠಕ್ಕೆ ಹೀಗೆ ಕೂತಿದ್ದೆವು. ಕಲಿಯಲು ಕೂತವರು ವಿಡಿಯೊ ನೋಡಿದರು, ಉದ್ದಕ್ಕೂ ತಲೆಯಾಡಿಸಿದರು, ‘ತುಂಬಾ ಚೆನ್ನಾಗಿ ಅರ್ಥ ಆಯ್ತು’ ಅಂದರು. ನೂರು ರೂಪಾಯಿಯ ವಸ್ತುವಿನ ಬೆಲೆ ಶೇ. 20 ಏರಿ, ಆಮೇಲೆ ಶೇ. 20 ಇಳಿದರೆ ಎಷ್ಟಾಗುತ್ತದೆ ಎಂದು ಕೇಳಿದರೆ, ಒಬ್ಬರಾದ ಮೇಲೊಬ್ಬರು ‘ನೂರೇ’ ಅಂದರು. 96 ಆಗಬೇಕು, ಯಾಕೆಂದರೆ ಇಳಿಕೆಯ ಲೆಕ್ಕ ನೂರರ ಮೇಲಲ್ಲ, 120ರ ಮೇಲೆ. ಇದು ವಿಡಿಯೊದಲ್ಲೇ ಇತ್ತು! ಪಾಠ ಇಷ್ಟವಾಗುವುದು ಬೇರೆ, ಅದರಿಂದ ಕಲಿಯುವುದು ಬೇರೆ ಎಂದು ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ಕೂತಿತ್ತು.

ಪರಿಹಾರಕ್ಕೆ ಹೊಸ ಸಾಫ್ಟ್‌ವೇರ್ ಬೇಕಾಗಲಿಲ್ಲ. ಪ್ರಶ್ನೆಯನ್ನು ವಿಡಿಯೊಗಿಂತ ಮುಂಚೆ ತಂದೆವು. ಮೊದಲು ಉತ್ತರ ಬರೆಯಲಿ, ಅದು ತಪ್ಪೆಂದು ಗೊತ್ತಾಗಲಿ, ಆಮೇಲೆ ವಿಡಿಯೊ. ಆಗ ಅದೇ ವಿಡಿಯೊವನ್ನು ಜನ ಹುಬ್ಬು ಗಂಟಿಕ್ಕಿ ನೋಡತೊಡಗಿದರು.

ಅಲ್ಲಿಂದ ಮುಂದೆ ನನ್ನ ಓದಿನ ಬಗ್ಗೆಯೇ ನನಗೆ ಅನುಮಾನ ಶುರುವಾಯಿತು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಗುಂಪು ಪಠ್ಯವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದರೆ ಓದಿದವರೇ ಮುಂದು. ವಾರ ಕಳೆದ ಮೇಲೆ ನೆನಪಿಸಿಕೊಂಡವರು ಮುಂದು. ಹೆಚ್ಚು ನೆನಪಿರುತ್ತದೆ ಎಂಬ ಭರವಸೆ ಮಾತ್ರ ಮತ್ತೆ ಮತ್ತೆ ಓದಿದವರಿಗೇ ಜಾಸ್ತಿ ಇತ್ತು. ಪುಟಪುಟಕ್ಕೂ ಹಳದಿ ಗೆರೆ ಎಳೆಯುವ ನನ್ನ ಚಟ ಅಲ್ಲಿಗೆ ನಿಂತಿತು. ಈಗ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದಷ್ಟು ಬರೆಯುತ್ತೇನೆ. ಅದರಲ್ಲಿ ಸುಖ ಇಲ್ಲ, ಆದರೆ ಉಳಿಯುತ್ತದೆ.

ಕೆಲಸದ ಕಡೆಗೂ ಇದೇ ಸ್ವಭಾವ ಹಬ್ಬಿದೆ. ಯಾರಾದರೂ ‘ಇದಕ್ಕೊಂದು ವಿಡಿಯೊ ಮಾಡಿಕೊಡಿ’ ಅಂದರೆ, ‘ಅದನ್ನು ನೋಡಿದ ಮೇಲೆ ಅವರಿಗೆ ಏನು ಮಾಡಲು ಬರಬೇಕು?’ ಎಂದು ಕೇಳುತ್ತೇನೆ. ಎಷ್ಟೋ ಸಲ ಒಂದು ಪುಟದ ಪಟ್ಟಿ ಸಾಕಾಗುತ್ತದೆ. ಈ ಪ್ರಶ್ನೆಯಿಂದ ಜನ ನನ್ನನ್ನು ಹೆಚ್ಚು ಇಷ್ಟಪಡುತ್ತಾರೆ ಎಂದೇನೂ ಹೇಳಲಾರೆ.

ಓದೆಲ್ಲ ಹೀಗೇ ರಸವತ್ತಾಗಿತ್ತು ಎಂದುಕೊಳ್ಳಬೇಡಿ. ಪಾಠ ರೂಪಿಸುವ ಹಂತಗಳಿಗೆ ಆಡ್ಡಿ, ಶಿಕ್ಷಕರಿಗೆ ಬೇಕಾದ ಜ್ಞಾನದ ಚೌಕಟ್ಟಿಗೆ ಟಿಪ್ಯಾಕ್ ಎಂದು ಮೊದಲಕ್ಷರ ಜೋಡಿಸಿ ಹೆಸರಿಡುವ ಚಪಲ ಈ ಕ್ಷೇತ್ರಕ್ಕೆ ಸ್ವಲ್ಪ ಅತಿಯೇ. ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತ ವಿಷಯಗಳೂ ಸಾಕಷ್ಟಿವೆ.

ಎಐ ಬಂದ ಮೇಲೆ ಪ್ರಶ್ನೆಗೆ ಹೊಸ ಬಾಲ ಸೇರಿದೆ: ಇನ್ನು ಈ ಪದವಿಗೆ ಬೆಲೆ ಇದೆಯಾ? ಎಐ ಟ್ಯೂಟರ್ ಮಾರುವವರು ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಅವರ 1984ರ ಲೇಖನವನ್ನು ಮುಂದಿಡುವುದುಂಟು. ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಶಿಕ್ಷಕರಿದ್ದರೆ ಸಾಮಾನ್ಯ ವಿದ್ಯಾರ್ಥಿಯೂ ತರಗತಿಯ ಶೇ. 98ರಷ್ಟು ಮಕ್ಕಳನ್ನು ಮೀರಿಸುತ್ತಾನೆ ಎಂಬ ಮಾತು ಅದರದ್ದು. ಅಷ್ಟು ದೊಡ್ಡ ಪರಿಣಾಮ ನಂತರದ ಅಧ್ಯಯನಗಳಲ್ಲಿ ಸಿಗಲಿಲ್ಲ. 2011ರಲ್ಲಿ ಸಂಶೋಧಕ ಕರ್ಟ್ ವ್ಯಾನ್‌ಲೆನ್ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡಿದ್ದು ಅದರ ಅರ್ಧಕ್ಕೂ ಕಡಿಮೆ. ಮಾರಾಟದ ಸ್ಲೈಡಿನಲ್ಲಿ ಅಂಕಿ ಕಂಡಾಗ ಅದರ ಹಿಂದೆ ಹೋಗಿ ನೋಡುವ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ, ಈ ಓದಿನಿಂದ ಬಂದದ್ದು.

ಸೇರಬೇಕಾ ಎಂದು ಕೇಳುವವರಿಗೆ: ಒಂದಷ್ಟು ಕಾಲ ಪಾಠ ಮಾಡಿ, ‘ನಾನು ಹೇಳಿದ್ದು ಇವರಿಗೆ ಯಾಕೆ ತಲುಪುತ್ತಿಲ್ಲ’ ಎಂದು ನಿದ್ದೆಗೆಟ್ಟಿದ್ದರೆ ಸೇರಿ. ಪಠ್ಯಕ್ರಮದಲ್ಲಿ ಮೌಲ್ಯಮಾಪನ, ಕಲಿಕೆಯ ಮನೋವಿಜ್ಞಾನ ಇವೆಯೇ ನೋಡಿ. ಅಲ್ಲಿ ಓದಿ ಹೊರಬಂದವರು ಯಾರಾದರೂ ಸಿಕ್ಕರೆ, ನಿಮ್ಮ ಅಂತಿಮ ಪ್ರಾಜೆಕ್ಟನ್ನು ನಿಜವಾದ ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ ನೋಡಿದಿರಾ ಎಂದು ಕೇಳಿ. ಇಲ್ಲ ಅಂದರೆ ಬೇರೆ ಕಡೆ ಅರ್ಜಿ ಹಾಕಿ.