ಸ್ಪ್ಯಾನಿಷ್ ನೋಟ್‌ಬುಕ್, ಐದನೇ ತಿಂಗಳು: 'ಮಾಡುತ್ತಾ ಇರು' ದಾಟಿ 'ಮಾಡಿಕೊಡು'ವರೆಗೆ

ಹೋದ ಸಲ ಬರೆದಾಗ ನೋಟ್‌ಬುಕ್‌ನಲ್ಲಿ 18 ವಾಕ್ಯ ಇದ್ದವು. ಈಗ 61 ಆಗಿವೆ. ಕೆಲಸ ಅದೇ. ಮಾಡುತ್ತಿರುವ, ಮಾಡುತ್ತಲೇ ಇರುವ, ಮಾಡುತ್ತಾ ಬಂದಿರುವ ಕೆಲಸವನ್ನು ಸ್ಪ್ಯಾನಿಷ್‌ನಲ್ಲಿ ಎಷ್ಟು ಬಗೆಯಲ್ಲಿ ಹೇಳುತ್ತಾರೋ ಅಷ್ಟನ್ನೂ ಬರೆದು, ಪಕ್ಕದಲ್ಲಿ ಒಂದೊಂದು ಕನ್ನಡ ವಾಕ್ಯ ಬರೆಯುವುದು. ನಡುವೆ ಇಂಗ್ಲಿಷ್ ಬರಬಾರದು. ಅದೊಂದೇ ನಿಯಮ.

ಹೊಸದಾಗಿ ಓದುವವರಿಗೆ ಎರಡು ಮಾತು. ಸ್ಪ್ಯಾನಿಷ್ ಕ್ರಿಯಾಪದಕ್ಕೆ ಕೊನೆಯಲ್ಲಿ 'ಆಂದೊ' ಅಥವಾ 'ಯೆಂದೊ' ಬಂದರೆ ಅದು ಹೆರೂಂದಿಯೊ. 'ಅಬ್ಲಾರ್' ಅಂದರೆ ಮಾತಾಡು, 'ಅಬ್ಲಾಂದೊ' ಅಂದರೆ ಮಾತಾಡುತ್ತಾ. 'ಕೊಮೇರ್' ತಿನ್ನು, 'ಕೊಮಿಯೆಂದೊ' ತಿನ್ನುತ್ತಾ. ಮುಂದೆ 'ಎಸ್ತಾರ್', ಅಂದರೆ ಇರು, ಸೇರಿದರೆ 'ಎಸ್ತೊಯ್ ಕೊಮಿಯೆಂದೊ': ತಿನ್ನುತ್ತಾ ಇದ್ದೇನೆ. (ಪದಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದೇನೆ. 'ವಿ' ಅಕ್ಷರ ಅಲ್ಲಿ 'ಬ' ಥರವೇ ಕೇಳುತ್ತದೆ.)

ಇಷ್ಟು ಮೊದಲ ತಿಂಗಳಲ್ಲೇ ಮುಗಿದಿತ್ತು. ದುರ್ಮಿಯೆಂದೊ (ಮಲಗುತ್ತಾ), ಪಿದಿಯೆಂದೊ (ಕೇಳಿಕೊಳ್ಳುತ್ತಾ), ಲೆಯೆಂದೊ (ಓದುತ್ತಾ) ಥರದ ರೂಪ ಬದಲಿಸುವ ಪದಗಳನ್ನು ಬಾಯಿಪಾಠ ಮಾಡಿದೆ, ಅಷ್ಟೆ.

ಎರಡನೇ ತಿಂಗಳು

ಕೂತಿರುವುದು, ನಿಂತಿರುವುದು. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ತುಂಬಾ ತಪ್ಪುತ್ತಾರೆ. ಕುರ್ಚಿ ಮೇಲೆ ಕೂತಿರುವವನ ಬಗ್ಗೆ ಸ್ಪ್ಯಾನಿಷ್‌ನಲ್ಲಿ 'ಎಸ್ತಾ ಸೆಂತಾದೊ' ಅನ್ನಬೇಕು. 'ಎಸ್ತಾ ಸೆಂತಾಂದೊಸೆ' ಅಂದರೆ ಅವನು ಈಗ ಬಗ್ಗಿ ಕೂತುಕೊಳ್ಳುತ್ತಿದ್ದಾನೆ ಅಂತ. ನಾನು ಕನ್ನಡದ ಕಾಲಂನಲ್ಲಿ 'ಕೂತಿದ್ದಾನೆ', 'ಕೂತುಕೊಳ್ಳುತ್ತಿದ್ದಾನೆ' ಅಂತ ಬರೆದೆ. ನಿಯಮ ಓದುವ ಅಗತ್ಯವೇ ಬೀಳಲಿಲ್ಲ. ನಮ್ಮಲ್ಲಿ ಈ ವ್ಯತ್ಯಾಸ ಚಿಕ್ಕಂದಿನಿಂದ ಬಾಯಲ್ಲಿದೆ, ಅಲ್ವಾ?

ಆದರೆ ಕನ್ನಡ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. 'ನಾಳೆ ಊರಿಗೆ ಹೋಗ್ತಾ ಇದ್ದೀನಿ' ಅಂತ ನಾವು ಹೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿ ನಾಳೆಯ ಮಾತಿಗೆ ಹೆರೂಂದಿಯೊ ಹಾಕುವುದಿಲ್ಲ. ಸುಮ್ನೆ 'ಮಞಾನ ಬೊಯ್', ನಾಳೆ ಹೋಗುತ್ತೇನೆ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಮೂರನೇ ತಿಂಗಳು

ಈ ತಿಂಗಳು ನನಗೆ ತುಂಬಾ ಖುಷಿ ಕೊಟ್ಟಿತು. 'ಎಸ್ತಾರ್' ಜಾಗದಲ್ಲಿ ಬೇರೆ ಕ್ರಿಯಾಪದ ಇಟ್ಟರೆ ಮಾತಿನ ಬಣ್ಣವೇ ಬದಲಾಗುತ್ತದೆ. 'ಬೆನೀರ್' ಅಂದರೆ ಬರು. 'ಬೆಂಗೊ ದಿಸಿಯೆಂದೊ ಎಸೊ' ಅಂದರೆ ಅದನ್ನು ಹೇಳುತ್ತಾ ಬಂದಿದ್ದೇನೆ. ಇಲ್ಲಿ ಯಾರೂ ಎಲ್ಲಿಂದಲೂ ನಡೆದು ಬರುತ್ತಿಲ್ಲ. ಹಿಂದೆ ಶುರುವಾದದ್ದು ಇವತ್ತಿನವರೆಗೆ ಬಂದಿದೆ. ಕನ್ನಡದಲ್ಲೂ ಅದೇ 'ಬರು', ಅದೇ ಕೆಲಸಕ್ಕೆ.

'ಅಂದಾರ್' ಅಂದರೆ ನಡೆ, ಓಡಾಡು. 'ಆಂದ ಬುಸ್ಕಾಂದೊ ತ್ರಬಾಹೊ': ಕೆಲಸ ಹುಡುಕಿಕೊಂಡು ತಿರುಗುತ್ತಿದ್ದಾನೆ. ಆ 'ತಿರುಗು'ವಿನಲ್ಲಿರುವ ಅಲೆದಾಟ, ಸ್ವಲ್ಪ ಬೇಸರ, ಎಲ್ಲವೂ 'ಆಂದ'ದಲ್ಲೂ ಇದೆ. 'ಸುಳ್ಳು ಹೇಳ್ಕೊಂಡು ತಿರುಗ್ತಾನೆ' ಅನ್ನುವುದಕ್ಕೂ ಇದೇ ಸಾಕು. 'ಮೆ ಕೆದೇ ಮಿರಾಂದೊ': ನೋಡುತ್ತಾ ನಿಂತುಬಿಟ್ಟೆ. 'ಸಿಗೆ ಯೊಬಿಯೆಂದೊ': ಮಳೆ ಬರುತ್ತಲೇ ಇದೆ. ಸ್ಪ್ಯಾನಿಷ್‌ಗೆ 'ಸೆಗೀರ್' ಅನ್ನುವ ಇಡೀ ಕ್ರಿಯಾಪದ ಬೇಕು. ನಮಗೆ ಒಂದು 'ಲೇ' ಸಾಕು.

'ಇರ್', ಅಂದರೆ ಹೋಗು, ನನ್ನನ್ನು ಹತ್ತು ದಿನ ಹಿಡಿದಿಟ್ಟಿತು. ನಿಧಾನವಾಗಿ ಆಗುವ ಬದಲಾವಣೆಗೆ ಇದು. 'ಫುವೆ ಔಮೆಂತಾಂದೊ': ಜಾಸ್ತಿಯಾಗುತ್ತಾ ಹೋಯಿತು. ಸರಿ. ಆದರೆ 'ಬೊಯ್ ಎಂತೆಂದಿಯೆಂದೊ'ಗೆ 'ಅರ್ಥವಾಗುತ್ತಾ ಹೋಗುತ್ತಿದೆ' ಅಂತ ಬರೆದರೆ ಕಿವಿಗೆ ಹಿಡಿಸಲಿಲ್ಲ. ನಾವು ಅನ್ನುವುದು 'ಅರ್ಥವಾಗುತ್ತಾ ಬರುತ್ತಿದೆ'. ಕತ್ತಲಾಗುತ್ತಾ ಬಂತು, ಹಣ್ಣಾಗುತ್ತಾ ಬಂತು. ಬದಲಾವಣೆ ನಮ್ಮ ಕಡೆಗೆ ಬರುತ್ತಿದ್ದರೆ 'ಬರು', ನಮ್ಮನ್ನು ದಾಟಿ ಮುಂದಕ್ಕೆ ಸಾಗಿದರೆ 'ಹೋಗು'. ಸ್ಪ್ಯಾನಿಷ್ ಎರಡಕ್ಕೂ 'ಇರ್' ಅನ್ನುತ್ತದೆ. ನನ್ನ ಮಾತೃಭಾಷೆಯಲ್ಲಿ ಈ ಭೇದ ಇದೆ ಅಂತ ನಾನು ಮೊದಲು ಗಮನಿಸಿಯೇ ಇರಲಿಲ್ಲ. ಸ್ಪ್ಯಾನಿಷ್ ಕಲಿಯಲು ಕೂತು ಕನ್ನಡದ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ.

ಜೋಡಿ ಸಿಗದೆ ಉಳಿದದ್ದು 'ಯೆಬಾರ್'. ಅದರ ಸಾಮಾನ್ಯ ಅರ್ಥ ಒಯ್ಯು, ಹೊತ್ತುಕೊಂಡು ಹೋಗು. 'ಯೆಬೊ ದೋಸ್ ಆಞೊಸ್ ಎಸ್ತುದಿಯಾಂದೊ': ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಎರಡು ವರ್ಷವನ್ನು ಹೊತ್ತುಕೊಂಡಿದ್ದೇನೆ ಅನ್ನುವ ಹಾಗೆ. ಕನ್ನಡದಲ್ಲಿ ಆ ಹೊರೆ ಇಲ್ಲ, 'ಇಂದ' ಪ್ರತ್ಯಯವೇ ಎಲ್ಲ ಮಾಡುತ್ತದೆ. ಆದರೆ ಎರಡೂ ಕಡೆ ಕ್ರಿಯಾಪದ ವರ್ತಮಾನದಲ್ಲೇ ಇದೆ ನೋಡಿ. ಇದನ್ನು ನಿಷೇಧಕ್ಕೆ ತಿರುಗಿಸಿದರೆ 'ಸಿನ್' ಬರುತ್ತದೆ. 'ಸಿನ್ ದೊರ್ಮೀರ್', ಮಲಗದೆ. 'ಸಿನ್ ಕೊಮೇರ್', ತಿನ್ನದೆ. ನಮ್ಮ 'ಅದೆ' ಮುಂದಕ್ಕೆ ಹೋಗಿ ಕೂತ ಹಾಗೆ.

ನಾಲ್ಕನೇ ತಿಂಗಳು

ದೊಡ್ಡ ತಪ್ಪು ಇಲ್ಲಿ ಆಯಿತು. 'ಮನೆಗೆ ಬಂದು ಊಟ ಮಾಡಿದೆ' ಅನ್ನಲು 'ಬಿನಿಯೆಂದೊ ಅ ಕಾಸ, ಕೊಮೀ' ಅಂತ ಬರೆದೆ. ಆನ್‌ಲೈನ್ ಕ್ಲಾಸಿನಲ್ಲಿ ತಿದ್ದಿ ಕೊಟ್ಟರು. ನಾನು ಬರೆದದ್ದರ ಅರ್ಥ 'ಮನೆಗೆ ಬರುತ್ತಾ ದಾರಿಯಲ್ಲಿ ಉಂಡೆ' ಅಂತ. ಸರಿಯಾದದ್ದು 'ಯೆಗೇ ಅ ಕಾಸ ಇ ಕೊಮೀ', ಮನೆ ತಲುಪಿದೆ ಮತ್ತು ಉಂಡೆ. ಅಂದರೆ ಹೆರೂಂದಿಯೊ ನಮ್ಮ 'ಬರುತ್ತಾ' ಮಾತ್ರ, 'ಬಂದು' ಅಲ್ಲ. ಕನ್ನಡದವರಿಗೆ ಇದು ನಿಜವಾದ ಗುಂಡಿ. ನಾವು ಒಂದೇ ಉಸಿರಿನಲ್ಲಿ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ ಹತ್ತಿ ಹೋಗುವವರು. ಆ ಸರಪಳಿಯನ್ನು ಸ್ಪ್ಯಾನಿಷ್‌ನಲ್ಲಿ ಹೆರೂಂದಿಯೊಗಳಿಂದ ಕಟ್ಟಲು ಆಗುವುದಿಲ್ಲ. 12 ವಾಕ್ಯ ಹೊಡೆದುಹಾಕಿ ಮತ್ತೆ ಬರೆದೆ.

ಐದನೇ ತಿಂಗಳು

ಪ್ರತಿ ಶನಿವಾರ ನಾನು ಮಾತಾಡುವುದು ಈಕ್ವಡಾರ್‌ನ ಕ್ವಿಟೊ ನಗರದ ಒಬ್ಬ ನಿವೃತ್ತ ಟೀಚರ್ ಜೊತೆ. ನನಗೆ ಅಮ್ಮನ ವಯಸ್ಸಿನವರು. ನಾನು 'ಸೆಞೋರ' ಅನ್ನುತ್ತೇನೆ, ಇಬ್ಬರೂ 'ಉಸ್ತೆದ್', ಅಂದರೆ ನೀವು, ಅಂತ ಮರ್ಯಾದೆಯಲ್ಲೇ ಮಾತಾಡುತ್ತೇವೆ. ಆ ತಪ್ಪಿನ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಬೆಟ್ಟದ ಸೀಮೆಯಲ್ಲಿ 'ಬಿನೆ ಕೊಮಿಯೆಂದೊ' ಅನ್ನುತ್ತಾರೆ ಅಂದರು. ಅದರ ಅರ್ಥ ತಿನ್ನುತ್ತಾ ಬಂದೆ ಅಂತಲ್ಲ. ಊಟ ಮಾಡ್ಕೊಂಡು ಬಂದೆ ಅಂತ!

ಆಮೇಲೆ ಇನ್ನೊಂದು ಹೇಳಿದರು. ಅಲ್ಲಿ ಬಾಗಿಲು ತೆಗೆಯಲು ಕೇಳಿಕೊಳ್ಳುವುದು ಹೀಗೆ: 'ದಾಮೆ ಅಬ್ರಿಯೆಂದೊ ಲಾ ಪುವೆರ್ತ'. 'ದಾಮೆ' ಅಂದರೆ ನನಗೆ ಕೊಡು. 'ಅಬ್ರಿಯೆಂದೊ', ತೆರೆ ಅನ್ನುವುದರ ಹೆರೂಂದಿಯೊ. ಸ್ಪೇನಿನವರಿಗೆ ಇದು ವಿಚಿತ್ರವಾಗಿ ಕೇಳುತ್ತದೆ. ನನಗೆ ಮೈ ಜುಮ್ಮೆಂದಿತು. ಬಾಗಿಲು ತೆಗೆದುಕೊಡು!

ಇದು ಬಂದದ್ದು ಕಿಚ್ವಾ ಭಾಷೆಯಿಂದ. ಆಂಡಿಸ್ ಬೆಟ್ಟಗಳ ಕೆಚುವಾ ಕುಟುಂಬದ್ದು, ಈಕ್ವಡಾರ್‌ನಲ್ಲಿ ಈಗಲೂ ಜನ ಮಾತಾಡುವ ಭಾಷೆ. ಅದರಲ್ಲಿ 'ಶ್ಪ' ಅನ್ನುವ ಪ್ರತ್ಯಯ ಇದೆ. ಒಬ್ಬನೇ ಎರಡು ಕೆಲಸ ಮಾಡಿದಾಗ ಮೊದಲ ಕ್ರಿಯಾಪದಕ್ಕೆ ಅದನ್ನು ಅಂಟಿಸುತ್ತಾರೆ. ನಮ್ಮ 'ಮಾಡುತ್ತಾ'ಗೂ ಅದೇ, 'ಮಾಡಿ'ಗೂ ಅದೇ. ಅಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ, ಅಲ್ಲೂ ಪ್ರತ್ಯಯದ ಮೇಲೆ ಪ್ರತ್ಯಯ. ಕನ್ನಡಕ್ಕೂ ಕಿಚ್ವಾಗೂ ನಂಟೇನೂ ಇಲ್ಲ. ಆದರೂ ಆ ಜನ ಸ್ಪ್ಯಾನಿಷ್ ಕಲಿತಾಗ ತಮ್ಮ ಮಾತಿನ ಕಟ್ಟನ್ನು ಅದರೊಳಗೆ ಇಟ್ಟರು. ನಾನು ನನಗೆ ತಿಳಿಯದೆ ಮಾಡಿದ್ದು ಅದನ್ನೇ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ, ಅದು ಗೊತ್ತು. ಹಾಗಾಗಿ ನೋಟ್‌ಬುಕ್‌ನಲ್ಲಿ ಇದಕ್ಕೆ ಬೇರೆ ಪುಟ ಮಾಡಿದ್ದೇನೆ, ಮೇಲೆ 'ಕ್ವಿಟೊ' ಅಂತ ಬರೆದು.

ಕಾಲ್ ಮುಗಿಸುವ ಮೊದಲು ಸೆಞೋರ 'ತೆಗೆದುಕೊಡು' ಅಂತ ಮೂರು ಸಲ ನನ್ನಿಂದ ಹೇಳಿಸಿದರು. ಆಮೇಲೆ ನಿಧಾನವಾಗಿ, 'ದೇಮೆ ಎಸ್ಕ್ರಿಬಿಯೆಂದೊ' ಅಂದರು. ಬರೆದುಕೊಡಿ. ಕನ್ನಡ ಅಕ್ಷರದಲ್ಲೇ ಬರೆದು ಫೋಟೊ ಕಳಿಸಿದೆ. 61ನೇ ವಾಕ್ಯ ಅದು.